ಏಳನೇ ತರಗತಿಯ ಕೆಂಪು ಬೊಟ್ಟು

ಜೂನ್ 13, ಗುರುವಾರ

ಎರಡನೇ ಪೀರಿಯಡ್ಡು ಏಳನೇ ತರಗತಿ. ಹಾಜರಿ, ಪುಸ್ತಕ ಹಂಚಿಕೆ, ಸೀಮೆಸುಣ್ಣಕ್ಕೆ ಪರದಾಟ — ಎಂದಿನಂತೆ. ಹೊಸದು ಒಂದೇ. ಮೊದಲ ಬೆಂಚಿನಲ್ಲಿ ನನ್ನ ಮಗಳು.

ಊರಿಗೆಲ್ಲ ಸುದ್ದಿ. ಸರ್ಕಾರಿ ಮೇಷ್ಟ್ರು ಮಗಳನ್ನು ಸಿದ್ದಿಪೇಟೆಯ ಕಾನ್ವೆಂಟಿನಿಂದ ಬಿಡಿಸಿ ತನ್ನ ಶಾಲೆಗೇ ತಂದ! ಅತ್ತೆ ಫೋನಿನಲ್ಲೇ ಶುರು: "ಪಂಡಿತಪುತ್ರ ಪರಮಶುಂಠ ಅಂತಾರೆ ಅಳಿಯಂದ್ರೇ, ನೋಡ್ಕೊಳ್ಳಿ." ನೋಡಿಯೇ ಬಿಡೋಣ. ಲಾಸ್ಯ ನನ್ನ ಕೈಕೆಳಗೆ ಗಣಿತ ಕಲಿತು ತೋರಿಸಲಿ, ಈ ಬಾಯಿಗಳೆಲ್ಲ ತಾವಾಗಿಯೇ ಮುಚ್ಚುತ್ತವೆ.

ಸ್ಕೂಟರಿನಲ್ಲಿ ಹೋಗುವಾಗ ಹೇಳಿದೆ, "ನಿನ್ನ ನೋಡಿ ಬಾಕಿಯೋರು ಕಲೀಬೇಕು ಕಣಮ್ಮ. ಮತ್ತೆ, ಗೇಟಿನ ಒಳಗೆ ಸಾರ್, ಹೊರಗೆ ಅಪ್ಪ, ನಿನ್ನ ನಾನ್ನ." ತಲೆಯಾಡಿಸಿದಳು.

ಜೂನ್ 20, ಗುರುವಾರ

ಆಯಾ ದಿನದ ಕಲಿಕೆಯ ಗುರಿಯನ್ನು ಬೋರ್ಡಿನ ಮೇಲೆ ಬರೆಯಬೇಕು. ಗುರಿ ಮುಟ್ಟಿದೆವೋ ಇಲ್ಲವೋ ಮಕ್ಕಳೇ ಚಾರ್ಟಿನಲ್ಲಿ ಗುರುತು ಹಾಕಬೇಕು — ಟ್ರೇನಿಂಗಿನಲ್ಲಿ ಹೇಳಿ ಕಳಿಸಿದ್ದಾರೆ. ಬಣ್ಣದ ಸ್ಟಿಕ್ಕರ್ ಎಲ್ಲಿಂದ ತರಲಿ? ನನ್ನ ಹೆಂಡತಿ ಸ್ವರೂಪ ತನ್ನ ಬೊಟ್ಟಿನ ಪಾಕೀಟುಗಳನ್ನೇ ಕೊಟ್ಟಳು. ಹಸಿರು — ನನಗೆ ಬರುತ್ತೆ. ಹಳದಿ — ಯಾರಾದರೂ ಜೊತೆಗಿದ್ದರೆ ಬರುತ್ತೆ. ಕೆಂಪು — ಇನ್ನೂ ಬರಲ್ಲ.

ಹುಡುಗರು ಹೋ ಎಂದರು. ಮಹಿಪಾಲ್ ಎದ್ದು ನಿಂತ. ಕೂರುವುದು ಕೊನೆ ಬೆಂಚು, ಬಾಯಿ ಮಾತ್ರ ಮೊದಲ ಬೆಂಚು.

"ಸಾರ್, ನಾವೂ ಬೊಟ್ಟು ಇಟ್ಕೋಬೇಕಾ?"

"ಹಣೆಗಲ್ಲೋ, ಚಾರ್ಟಿಗೆ."

"ಹಂಗಾದ್ರೆ ಸರಿ. ಮನೇಲಿ ಅಕ್ಕ ನೋಡಿದ್ರೆ ಮದ್ವೆ ಮಾಡಿ ಕಳಿಸ್ತಾಳೆ ಅಂತ ಹೆದರಿದ್ದೆ."

ನಕ್ಕುಬಿಟ್ಟೆ. ನಗಬಾರದಿತ್ತು. ಅರ್ಧ ಪೀರಿಯಡ್ಡು ಹಾಳು.

ಜುಲೈ 5, ಶುಕ್ರವಾರ

ಭಿನ್ನರಾಶಿಗಳ ಭಾಗಾಕಾರ. ಎರಡನೆಯದನ್ನು ತಲೆಕೆಳಗು ಮಾಡು, ಗುಣಿಸು, ಮುಗಿಯಿತು. ಎರಡು ದಿನದ ಪಾಠ ಒಂದೇ ದಿನಕ್ಕೆ!

ಲಾಸ್ಯ ಮೊದಲು ಎದ್ದು ಹಸಿರು ಹಚ್ಚಿದಳು. ಹಿಂದೆಯೇ ಸಾಲು. ಮಹಿಪಾಲನೂ ಹಸಿರು. ಹೆಡ್ ಮಾಸ್ಟರು ಯಾದಗಿರಿ ಸಾರ್ ಕಿಟಕಿಯಲ್ಲಿ ಇಣುಕಿ, "ಏನ್ರೀ, ಮಗಳು ಬಂದಿದ್ದೇ ಬಂದಿದ್ದು, ಕ್ಲಾಸಿನ ದೆಸೆಯೇ ತಿರುಗ್ತು" ಎಂದರು. ಎದೆ ಉಬ್ಬಿತು, ಸುಳ್ಳೇಕೆ ಬರೆಯಲಿ. ಅವರಿಗೆ ಟೀ ನಾನೇ ಕುಡಿಸಿದೆ.

ಜುಲೈ 12, ಶುಕ್ರವಾರ

ಸ್ಲಿಪ್ ಟೆಸ್ಟ್. ತಿದ್ದುತ್ತ ತಿದ್ದುತ್ತ ತಲೆ ಬಿಸಿ. ಕೆಲವರು ಮೊದಲನೆಯದನ್ನು ತಲೆಕೆಳಗು ಮಾಡಿದ್ದಾರೆ, ಕೆಲವರು ಎರಡನ್ನೂ. ಒಬ್ಬ ಮಹಾಶಯ ಕೂಡುವ ಲೆಕ್ಕಕ್ಕೂ ಮಾಡಿದ್ದಾನೆ. ಚಾರ್ಟಿನಲ್ಲಿ ನೋಡಿದರೆ ಎಲ್ಲ ಹಸಿರು!

ಲಾಸ್ಯ — ಹತ್ತಕ್ಕೆ ಎರಡು.

"ಹಸಿರು ಹಚ್ಚುವಾಗ ನಾಚಿಕೆ ಆಗ್ಲಿಲ್ವಾ ಒಬ್ಬರಿಗಾದ್ರೂ?" ಕೂಗಾಡಿದೆ. ಮಹಿಪಾಲ್ ತಲೆ ಕೆರೆದುಕೊಂಡ. "ಲಾಸ್ಯ ಹಚ್ಚಿದ್ಲಲ್ಲ ಸಾರ್. ಮೇಷ್ಟ್ರ ಮಗಳೇ ಹಸಿರು ಅಂದ್ಮೇಲೆ ನಾವು ಕೆಂಪು ಹಚ್ಚಿ ಯಾಕೆ ಮಾನ ಕಳ್ಕೋಬೇಕು?"

ಅಂಕ ಓದಿ ಓದಿ ಪೇಪರ್ ಹಂಚಿದೆ. ಅವಳದ್ದು ಮಾತ್ರ ಓದಲಿಲ್ಲ. ಮಡಿಸಿ ಜೇಬಿಗಿಟ್ಟೆ. ಅವಳು ನೋಡಿದಳು.

ಜುಲೈ 16, ಮಂಗಳವಾರ, ಬೆಳಿಗ್ಗೆ

ಮನೆಯಲ್ಲಿ ಮಾತಿಲ್ಲ. ಸ್ಕೂಟರಿನಲ್ಲೂ ಇಲ್ಲ. ಗೇಟಿನ ಹೊರಗೂ ಸಾರ್ ಅನ್ನುತ್ತಿದ್ದಾಳೆ.

ಸ್ವರೂಪ ಜೋಳದ ರೊಟ್ಟಿ ತಟ್ಟುತ್ತಲೇ ತರಾಟೆಗೆ ತೆಗೆದುಕೊಂಡಳು. "ಮಗು ಸರಿಯಾಗಿ ಉಣ್ತಿಲ್ಲ, ಬಚ್ಚಲಲ್ಲಿ ಕೂತು ಅಳ್ತಾಳೆ. ಮನೇಲೂ ಸಾರೇನಾ ನೀವು? ಹೀಗೇ ಆದ್ರೆ ಬರೋ ಸೋಮವಾರ ವಾಪಸ್ ಕಾನ್ವೆಂಟಿಗೆ ಹಾಕ್ತೀನಿ. ನಿಮ್ಮ ಪ್ರತಿಷ್ಠೆಗೆ ನನ್ನ ಮಗಳೇ ಬೇಕಿತ್ತಾ?"

ರೊಟ್ಟಿ ತಿಂದು ಎದ್ದೆ.

ಅದೇ ದಿನ, ಸಂಜೆ

ಜಗಲಿಯ ಮೇಲೆ ಲಾಸ್ಯಳ ಪಕ್ಕ ಕೂತೆ. ಪೇಪರ್ ಕೈಗೆ ಕೊಟ್ಟೆ.

"ಬರದೇ ಇದ್ದಿದ್ದಕ್ಕೆ ಹಸಿರು ಯಾಕಮ್ಮ ಹಚ್ಚಿದೆ?"

"ನನ್ನ ನೋಡಿ ಬಾಕಿಯೋರು ಕಲೀಬೇಕು ಅಂದ್ರಲ್ಲ."

"ನನಗಾದ್ರೂ ಹೇಳ್ಬಹುದಿತ್ತು. ಮನೇಲಿ."

ಪೇಪರನ್ನು ಮತ್ತೆ ಮಡಿಸಿದಳು. "ನನಗೆ ಬರಲ್ಲ ಅಂದ್ರೆ ನಿಮಗೆ ಹೇಳ್ಕೊಡೋಕೆ ಬರಲ್ಲ ಅಂತಾಗುತ್ತೆ. ಅಮ್ಮಮ್ಮ ಮೊದಲೇ ಆಡ್ಕೊಳ್ತಾರೆ."

ಇಷ್ಟು ದಿನ ಈ ಕೂಸು ನನ್ನ ಮಾನ ಕಾಯುತ್ತಿತ್ತು.

"ಈಗ ಹೇಳು. ಇಲ್ಲಿ ಯಾರೂ ಇಲ್ಲ."

"ನೀವು ಬೋರ್ಡಿನ ಜೊತೆ ಮಾತಾಡ್ತೀರಿ. ನಮ್ಮ ಕಡೆ ತಿರುಗೋ ಹೊತ್ತಿಗೆ ಲೆಕ್ಕ ಮುಗಿದಿರುತ್ತೆ. ತಲೆಕೆಳಗು ಯಾಕೆ ಮಾಡ್ಬೇಕು ಅಂತ ಒಂದಿನಾನೂ ಹೇಳ್ಲಿಲ್ಲ."

ಸಿಟ್ಟು ಬಂತು. ನಿಜವಾಗಿಯೂ ಬಂತು. ಆಮೇಲೆ ಇಳಿಯಿತು. ಹೇಳಿಲ್ಲ, ಹೌದು. ನನಗೂ ಯಾರೂ ಹೇಳಿರಲಿಲ್ಲ. ಮಾಡು ಅಂದರು, ಮಾಡಿದೆ. ನಾನೂ ಮಾಡಿ ಅಂದೆ.

ಜುಲೈ 18, ಗುರುವಾರ

ನಾಳೆ ಮಂಡಲದ ಶಿಕ್ಷಣಾಧಿಕಾರಿ ಮೇಡಂ ತಪಾಸಣೆಗೆ ಬರುತ್ತಾರಂತೆ. ಯಾದಗಿರಿ ಸಾರ್ ಬೆನ್ನು ತಟ್ಟಿದರು. "ನಿಮ್ಮ ಹಸಿರು ಚಾರ್ಟು ಹಾಗೇ ಇರಲಿ. ಮೇಡಂ ಕಣ್ಣು ತಂಪಾಗ್ಲಿ. ಕೆಲವು ಶಾಲೇಲಿ ಬರೀ ಸುಳ್ಳು ಚಾರ್ಟಂತೆ ಕಣ್ರೀ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಪಾಡು. ಚಾರ್ಟು ತೆಗೆಯುತ್ತೇನೆ ಎನ್ನಲಿಲ್ಲ. ಬಾಯಿಗೆ ಬಂದಿತ್ತು, ನುಂಗಿದೆ.

ಜುಲೈ 19, ಶುಕ್ರವಾರ

ಮೇಡಂ ಬಂದರು. ಶಾಂತ ಹೆಂಗಸು. ಚಾರ್ಟು ನೋಡಿದರು. "ಭಾಗಾಕಾರ ಎಲ್ಲರಿಗೂ ಬರುತ್ತಾ?"

"ಬರುತ್ತೇ ಮೇಡಂ!" — ಇಡೀ ಕ್ಲಾಸು ಒಂದೇ ರಾಗ. ಲಾಸ್ಯ ಬಾಯಿ ತೆರೆಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಇವತ್ತೂ ನನ್ನ ಮಾನ ಕಾಯಬೇಕಾ ಅಂತ ಕೇಳುವ ಕಣ್ಣು.

ಮೇಜಿನ ಮೇಲಿದ್ದ ಕೆಂಪು ಬೊಟ್ಟಿನ ಪಾಕೀಟು ತೆಗೆದು ಅವಳ ಕಡೆ ಚಾಚಿದೆ. ನಾನು ಮಾಡಿದ್ದು ಅಷ್ಟೇ.

ಎದ್ದು ಬಂದಳು. ಹಸಿರಿನ ಮೇಲೆಯೇ ಕೆಂಪು ಅಂಟಿಸಿದಳು.

"ಯಾರ ಮಗಳಮ್ಮ ನೀನು?"

"ಈ ಸಾರ್ ಮಗಳು ಮೇಡಂ."

"ನಿನಗೇ ಬರಲ್ವಾ?"

"ಇನ್ನೂ ಬರಲ್ಲ ಮೇಡಂ." ತಲೆ ತಗ್ಗಿಸಲಿಲ್ಲ.

ಹಿಂದಿನಿಂದ ಮಹಿಪಾಲ್, "ಅಬ್ಬಾ! ನಂಗೊಂದು ಕೊಡಿ ಸಾರ್, ಎರಡು ವಾರದಿಂದ ಹೊಟ್ಟೇಲಿಟ್ಕೊಂಡು ಸಾಕಾಗಿದೆ" ಅಂದ. ಆಮೇಲೆ ಸಾಲು. ಪಾಕೀಟು ಖಾಲಿ. ಯಾದಗಿರಿ ಸಾರ್ ಮುಖ ಬೂದಿ ಬಡಿದಂತಿತ್ತು.

"ಏನ್ ಮೇಷ್ಟ್ರೇ ಇದು?" ಎಂದರು ಮೇಡಂ.

"ನನ್ನ ಪಾಠ ಮೇಡಂ. ಸೋಮವಾರದಿಂದ ಮತ್ತೆ ಶುರು ಮಾಡ್ತೀನಿ."

ಏನೋ ಬರೆದುಕೊಂಡರು. ಏನು ಬರೆದರೋ. ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ ಲಾಸ್ಯ ನನ್ನ ಅಂಗಿ ಹಿಡಿದುಕೊಂಡಿದ್ದಳು.

ಜುಲೈ 22, ಸೋಮವಾರ, ಸಂಜೆ

ಸ್ವರೂಪ ಕಾನ್ವೆಂಟಿನ ಮಾತೆತ್ತಲಿಲ್ಲ. ರೊಟ್ಟಿ ಜಾಸ್ತಿ ಕಟ್ಟಿಕೊಟ್ಟಳು, ಕ್ಲಾಸಿಗೆ. ಬೋರ್ಡಿಗೆ ಬೆನ್ನು ಹಾಕಿ ನಿಂತೆ. ಅರ್ಧ ರೊಟ್ಟಿಯಲ್ಲಿ ಕಾಲು ರೊಟ್ಟಿ ಎಷ್ಟು ಸಲ ಇದೆ? ಮುರಿದರು, ಎಣಿಸಿದರು, ತಿಂದರು. ಎರಡು ಸಲ. ಕೆಲವು ಮುಖ ಅರಳಿದವು. ಇಷ್ಟು ವರ್ಷದಲ್ಲಿ ಈ ಪಾಠಕ್ಕೆ ಮುಖ ಅರಳಿದ್ದು ನೋಡಿರಲಿಲ್ಲ. ಖುಷಿಯಾಯಿತು. ಒಂದು ಹಳದಿ ಬೊಟ್ಟೂ ಬಿತ್ತು —

ಲಾಸ್ಯ ಬಂದು ಪಕ್ಕ ಕೂತಿದ್ದಾಳೆ. "ನಾನ್ನಾ, ಅರ್ಧದೊಳಗೆ ಕಾಲು, ಅದು ಸರಿ. ಕಾಲನ್ನ ಅರ್ಧದಿಂದ ಭಾಗಿಸಿದ್ರೆ? ಕಾಲಿನೊಳಗೆ ಅರ್ಧ ಹಿಡಿಯೋದೇ ಇಲ್ವಲ್ಲ!"

ತಡಿ, ನೋಡೋಣ ಅಂದೆ. ಉತ್ತರ ನನಗೆ ಗೊತ್ತು. ಯಾಕೆ ಅಂತ... ಇನ್ನೂ ಬರಲ್ಲ.