ಹದಿನಾಲ್ಕನೆಯ ಪ್ರಶ್ನೆ

ಮಂಗಳವಾರ, ಬೆಳಿಗ್ಗೆ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ನನ್ನ ಮಗಳಿಗೆ ಅಮ್ಮನ ಆಶೀರ್ವಾದ.

ನಾನು ಕ್ಷೇಮವಾಗಿ ಮನೆ ಸೇರಿದ್ದೇನೆ. ಒಂಬತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಕಿರುಚುತ್ತೇವೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರವಣಿಗೆ ಸೊಟ್ಟಗಿದೆ ಅಂತ ನಗಬೇಡ. ನಿನ್ನ ಓದಿಗೆ ಕಟ್ಟಿದ ಫೀಜು ಇದೇ ಬೆರಳುಗಳು ಅಚ್ಚಿನ ಮೊಳೆ ಜೋಡಿಸಿ ಸಂಪಾದಿಸಿದ್ದು.

ನೀನು ಕಳಿಸಿದ ಮೆಸೇಜನ್ನು ಓದಿದೆ. "ಒಂದು ಸಹಿ ಅಮ್ಮ, ಒಂದೇ ಒಂದು ಸಹಿ. ನನ್ನ ಹೆರಿಗೆಗಿಂತ ನಿನ್ನ ಹಟವೇ ಹೆಚ್ಚಾಯ್ತಾ?" ಅಂತ ಕೇಳಿದ್ದೀಯ. ಅಲ್ಲಿ ಏನೇನು ನಡೆಯಿತು ಅಂತ ಮೊದಲಿನಿಂದ ಹೇಳುತ್ತೇನೆ, ಕೇಳು.

ವಿಮಾನ ಇಳಿದ ಮೇಲೆ ಉದ್ದ ಸಾಲು. ಬೇಜಾರು ಕಳೆಯಲು ಚೀಲದಿಂದ ವೀಸಾ ಅರ್ಜಿಯ ನಕಲು ತೆಗೆದೆ. ಸಹಿ ಹಾಕಿದ ದಿನ ಕನ್ನಡಕ ರಿಪೇರಿಗೆ ಕೊಟ್ಟಿತ್ತು, ಓದದೆ ಹಾಕಿದ್ದೆ. ಪ್ರಶ್ನೆಗಳ ಕೆಳಗೆ ನಮ್ಮ ಭಾಷೆಯಲ್ಲೂ ಸಣ್ಣದಾಗಿ ಅಚ್ಚಾಗಿತ್ತು. ಹದಿನಾಲ್ಕನೆಯದು: ನೀವು ಎಂದಾದರೂ ಸರ್ಕಾರ ಉರುಳಿಸಲು ಹೊರಟ ಸಂಘಟನೆಯಲ್ಲಿ ಇದ್ದಿರಾ, ಅದಕ್ಕಾಗಿ ಸೆರೆಮನೆ ಕಂಡಿದ್ದೀರಾ? ಎದುರಿಗೆ ಉತ್ತರ, "ಇಲ್ಲ". ಆ ಉತ್ತರ ಅಲ್ಲಿಗೆ ಹೇಗೆ ಬಂತು ಅನ್ನುವುದು ಇಲ್ಲಿ ಬೇಡ. ಸಹಿ ನನ್ನದು.

ಪೆನ್ನು ತೆಗೆದೆ. "ಇಲ್ಲ"ದ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದ ಅಂಚಿನಲ್ಲಿ "ಹೌದು, ಹನ್ನೊಂದು ತಿಂಗಳು" ಅಂತ ಬರೆದು ಸುತ್ತ ಗೆರೆ ಹಾಕಿದೆ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಕೈ ಮಗಳೇ, ಅದು ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ತಪ್ಪು ಕಂಡ ಹಾಳೆಯನ್ನು ಹಾಗೇ ಮುಂದೆ ಕಳಿಸಿದ್ದರೆ ನಮ್ಮ ಮೇಸ್ತ್ರಿ ಆ ದಿನದ ಕೂಲಿ ಕೊಡುತ್ತಿರಲಿಲ್ಲ.

ಪಾಸ್‌ಪೋರ್ಟಿನ ಜೊತೆ ಅದನ್ನೂ ಚಾಚಿದೆ. ಕೌಂಟರಿನವನು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನು ಒಳಗಿನ ಕೋಣೆಗೆ ಕಳಿಸಿದ. ಹಸಿರು ಕುರ್ಚಿಗಳು, ಎಲ್ಲವನ್ನೂ ನೆಲಕ್ಕೆ ಸ್ಕ್ರೂ ಹಾಕಿ ಬಿಗಿದಿದ್ದರು. ಕುರ್ಚಿ ಕದಿಯಲು ಯಾರು ವಿಮಾನದಲ್ಲಿ ಬರುತ್ತಾರೋ ಕಾಣೆ. ಮೇಜಿನ ಆಚೆ ಒಬ್ಬ ಅಧಿಕಾರಿ. ಪಕ್ಕದಲ್ಲಿ ನಮ್ಮ ಮಾತು ಬಲ್ಲ ದುಭಾಷಿ, ಐವತ್ತರ ಆಸುಪಾಸಿನ ಬೋಳುತಲೆಯವನು. ನೆಗಡಿಯಾಗಿ ಮೂಗು ಸೋರುತ್ತಿತ್ತು.

"ಅಮ್ಮಾ, ಇದೇನು ಗೆರೆ ಅಂತ ಸಾಹೇಬ್ರು ಕೇಳ್ತಿದಾರೆ" ಅಂದ.

"ತಪ್ಪಿತ್ತು, ತಿದ್ದಿದೀನಿ ಅಂತ ಹೇಳಪ್ಪ."

"ಇಲ್ಲಿಗೆ ಬಂದು ಯಾರೂ ತಿದ್ದಲ್ಲಮ್ಮ. ಸುಮ್ನೆ ಬಂದು ಸುಮ್ನೆ ಹೋಗ್ತಾರೆ."

"ಅದಕ್ಕೇ ನಿಮ್ಮ ಹದಿನೇಳನೇ ಪ್ರಶ್ನೇಲಿ ಒಂದು ಅಕ್ಷರ ಬಿಟ್ಟೋಗಿರೋದು ಯಾರಿಗೂ ಗೊತ್ತಿಲ್ಲ. ಅದನ್ನೂ ತಿದ್ದಿದೀನಿ, ನೋಡ್ಕೊಳ್ಳಿ" ಅಂದೆ.

ಅದನ್ನು ಅವನು ಸಾಹೇಬನಿಗೆ ಹೇಳಿದನೋ ಇಲ್ಲವೋ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

ಎರಡು ಗಂಟೆ ಕೂರಿಸಿದರು. ಆಮೇಲೆ ಒಂದು ಫೈಲು ಬಂತು, ಒಳಗೆ ನಮ್ಮ ಪೊಲೀಸರ ಹಳೇ ಕಾಗದದ ನಕಲು. ಸಾಹೇಬ ಅದನ್ನು ತನ್ನ ಕಡೆಗೆ ತಿರುಗಿಸಿ ಇಟ್ಟುಕೊಂಡ, ನನಗೆ ಕಾಣಬಾರದು ಅಂತ. ಮೊಳೆ ಜೋಡಿಸುವವರು ಅಕ್ಷರವನ್ನು ತಲೆಕೆಳಗಾಗಿಯೇ ಓದುತ್ತಾರೆ ಅಂತ ಪಾಪ ಅವನಿಗೇನು ಗೊತ್ತು! ಸಲೀಸಾಗಿ ಓದಿದೆ. "ಮುದ್ರಣಾಲಯದ ಕೆಲಸಗಾರ್ತಿ. ಮುಷ್ಕರದ ಮುಂದಾಳುಗಳಲ್ಲಿ ಒಬ್ಬಳು. ಅಪಾಯಕಾರಿ."

ಮುಂದಾಳು! ನಮ್ಮ ಸಂಘದವರು ಇಪ್ಪತ್ತೈದು ವರ್ಷದ ನೆನಪಿಗೆ ದಪ್ಪ ಪುಸ್ತಕ ಮಾಡಿದಾಗ ಬರೀ ಗಂಡಸರ ಫೋಟೋ ಹಾಕಿದ್ದರು. ನಾನು, ನನ್ನ ಜೊತೆಯ ಆರು ಹೆಂಗಸರು, ಎಲ್ಲರೂ ಸೇರಿ "ಇತರರು". ಪೊಲೀಸಿನವನೊಬ್ಬ ನನ್ನನ್ನು ಸರಿಯಾಗಿ ಗುರುತಿಸಿ ಬರೆದಿಟ್ಟಿದ್ದ. ಅಲ್ಲೇ ನೆಟ್ಟಗೆ ಕೂತೆ.

ಹಿಂಸೆ ಮಾಡಿದ್ದುಂಟಾ ಅಂತ ಕೇಳಿದರು. ಒಂದು ಕಲ್ಲು ಬೀಸಿದ್ದೆ ಅಂದೆ. ಮಾಲೀಕನ ಕಾರಿಗೆ ಗುರಿಯಿಟ್ಟಿದ್ದು ನಮ್ಮದೇ ಪ್ರೆಸ್ಸಿನ ಬೋರ್ಡಿಗೆ ಬಿತ್ತು. ಸರ್ಕಾರ ಉರುಳಿಸಬೇಕು ಅಂತಿದ್ರಾ ಅಂದರು. ಹೌದು, ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಜೋಡಿಸಿದ್ದೇ ನಾನು, ಅಂದೆ. ಆ ಸರ್ಕಾರ ಮೂರು ವರ್ಷಕ್ಕೆ ತಾನೇ ಉರುಳಿತು. ನಮ್ಮ ಸಂಘದ ಕಾರ್ಯದರ್ಶಿ ಆಮೇಲೆ ಮಂತ್ರಿಯಾದ, ನಿನ್ನ ಅದೇ ದೇಶವೇ ಕಾರು ಕಳಿಸಿ ಅವನನ್ನು ಕರೆಸಿಕೊಂಡಿತು. ಅವನು ಬರೆದಿದ್ದಕ್ಕೆ ಮೊಳೆ ಜೋಡಿಸಿದವಳಿಗೆ ಹಸಿರು ಕುರ್ಚಿ.

ಕೊನೆಗೆ ಸಾಹೇಬ ಸ್ವಲ್ಪ ಮೆತ್ತಗಾದ. ಒಂದು ಹಾಳೆ ಮುಂದಿಟ್ಟ. "ಅಂದು ಮಾಡಿದ್ದು ತಪ್ಪು, ಅದಕ್ಕೆ ವಿಷಾದಿಸುತ್ತೇನೆ, ಆ ವಿಚಾರಗಳನ್ನು ಬಿಟ್ಟಿದ್ದೇನೆ." ಇದಕ್ಕೆ ಸಹಿ ಹಾಕಿದರೆ ಮೂವತ್ತು ದಿನ ಇರಲು ಒಳಗೆ ಬಿಡುತ್ತಾರಂತೆ.

"ಹಾಕ್ಬಿಡಿ ಅಮ್ಮ" ಅಂದ ದುಭಾಷಿ. "ಮಗಳು ತುಂಬಿದ ಬಸುರಿ ಅಂತೀರ. ನಮ್ಮಮ್ಮ ಆಗಿದ್ರೂ ನಾನು ಇದನ್ನೇ ಹೇಳ್ತಿದ್ದೆ."

"ನಿಮ್ಮಮ್ಮ ಹಾಕ್ತಿದ್ರಾ?"

ಮೂಗು ಒರೆಸಿಕೊಂಡು ಯೋಚನೆ ಮಾಡಿದ. "ಪೆನ್ನು ಕಿತ್ತು ನನ್ನ ಮುಖಕ್ಕೆ ಎಸೀತಿದ್ರು" ಅಂದ.

ಪೆನ್ನು ಹಿಡಿದೆ ಅನ್ನುವುದನ್ನು ನಿನಗೆ ಹೇಳಬೇಕು. ಆ ಕೋಣೆಯ ಬಾಗಿಲಲ್ಲಿ ಅಂಗೈಯಗಲದ ಗಾಜಿತ್ತು. ಅದರಲ್ಲಿ ದೂರದಲ್ಲಿ ಅಳಿಯಂದಿರು ನಿಂತಿದ್ದು ಕಂಡಿತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ಇನ್ನು ಅರ್ಧ ಗಂಟೆಗೆ ನಿನ್ನ ಹೊಟ್ಟೆ ಮುಟ್ಟಿ ನೋಡಬಹುದು ಅನ್ನಿಸಿತು. ಪೆನ್ನಿನ ಮೊನೆಯನ್ನು ಸಹಿಯ ಗೆರೆಯ ಮೇಲೆ ಇಟ್ಟೆ.

ಆದರೆ ಪ್ರೆಸ್ಸಿನಲ್ಲಿ ನಾವು ಮೊಳೆ ಜೋಡಿಸುತ್ತಿದ್ದ ನೆಲಮಾಳಿಗೆ ನಿನಗೆ ಗೊತ್ತಿಲ್ಲ. ನಾನು ಎಂದೂ ಹೇಳಿಲ್ಲ. ಎಂಟು ಜನ ಹೆಂಗಸರು, ಒಂದೂ ಕಿಟಕಿಯಿಲ್ಲ, ಸೀಸದ ಧೂಳು ಹಲ್ಲಿಗೆ ಅಂಟುತ್ತಿತ್ತು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳನ್ನು ಗುಬ್ಬಚ್ಚಿ ಅಂತಿದ್ದೆವು, ಅಷ್ಟು ಸಣ್ಣ ಜೀವ. ಹತ್ತೊಂಬತ್ತನೇ ವಯಸ್ಸಿಗೆ ಕೆಮ್ಮಿ ಕೆಮ್ಮಿ ಹೋದಳು. ಅವಳು ಹೋದ ಮರುದಿನ ಮಾಲೀಕ ಅವಳ ಜಾಗಕ್ಕೆ ಇನ್ನೊಬ್ಬಳನ್ನು ಕರೆತಂದ. ನಾವು ಏಳೂ ಜನ ಮೊಳೆಯ ಪೆಟ್ಟಿಗೆಗಳನ್ನು ನೆಲಕ್ಕೆ ಸುರಿದು ಆಚೆ ಬಂದೆವು. ಹಾಗೆ ಶುರುವಾದದ್ದು ಅದು. ನಿಮ್ಮಪ್ಪ ಮೇಲಿನ ಅಂತಸ್ತಿನಲ್ಲಿ ಮಶೀನು ಓಡಿಸುತ್ತಿದ್ದರು, ನಮ್ಮನ್ನು ನೋಡಿ ಅವರೂ ಮಶೀನು ನಿಲ್ಲಿಸಿದರು. ನಾನು ಜೈಲಿನಿಂದ ಬರುವಷ್ಟರಲ್ಲಿ ನೆಲಮಾಳಿಗೆಯ ಗೋಡೆ ಒಡೆದು ಆರು ಕಿಟಕಿ ಇಟ್ಟಿದ್ದರು. ಪ್ರೆಸ್ಸು ಹೋಗಿ ಈಗ ಬಟ್ಟೆ ಅಂಗಡಿಯಾಗಿದೆ. ಕಿಟಕಿಗಳು ಹಾಗೇ ಇವೆ. ನಾನು ಸಂತೆಗೆ ಹೋಗುವಾಗ ಸುತ್ತಾದರೂ ಅದೇ ಬೀದಿಯಲ್ಲಿ ಹೋಗುತ್ತೇನೆ.

ಅದು ತಪ್ಪು ಅಂತ ಸಹಿ ಹಾಕಲಾ? ಅದು ತಪ್ಪಾದರೆ ನಿಮ್ಮಪ್ಪನ ಕೈ ಹಿಡಿದದ್ದೂ ತಪ್ಪು, ನೀನೂ ತಪ್ಪು. ಪೆನ್ನು ಕೆಳಗಿಟ್ಟು, "ಸಾಹೇಬ್ರೇ, ವಾಪಸು ಹೋಗೋ ವಿಮಾನ ಎಷ್ಟು ಹೊತ್ತಿಗೆ?" ಅಂತ ಕೇಳಿದೆ.

ಇನ್ನು ಹತ್ತು ವರ್ಷ ನಿನ್ನ ದೇಶಕ್ಕೆ ಕಾಲಿಡಬಾರದು ಅಂತ ಮುದ್ರೆ ಒತ್ತಿದರು. ಮುದ್ರೆ ಸ್ವಲ್ಪ ಓರೆಯಾಗಿ ಬಿದ್ದಿದೆ.

ನನಗೆ ಬೇಜಾರಿಲ್ಲ ಅಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಹೆರಿಗೆ ಹೊತ್ತಿಗೆ ನಿನ್ನ ಪಕ್ಕ ಇರಬೇಕಿತ್ತು. ಇಲ್ಲ. ಅದಕ್ಕೆ ನೀನು ನನ್ನನ್ನು ಎಷ್ಟು ಬೇಕಾದರೂ ಬೈಯಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಬೈಗುಳ ನಾನೇನು ಕಲಿಸಬೇಕಾಗಿಲ್ಲ. ಆದರೆ ಅಮ್ಮ ಮರ್ಯಾದೆ ಕಳೆದಳು ಅಂತ ಮಾತ್ರ ಅನ್ನಬೇಡ. ಆ ಕೋಣೆಯಿಂದ ನಾನು ತಲೆ ತಗ್ಗಿಸಿ ಬರಲಿಲ್ಲ. ದುಭಾಷಿ ಎದ್ದು ನಿಂತು ಬಾಗಿಲು ತೆಗೆದ.

ನಮ್ಮ ಬೀದಿಯ ದರ್ಜಿಯ ತಂಗಿ ನಿಮ್ಮ ಕಡೆಗೇ ಬರುತ್ತಿದ್ದಾಳೆ. ಈ ಕಾಗದ, ಮಗುವಿಗೆ ಹೊಲಿದ ಆರು ಅಂಗಿ ಅವಳ ಕೈಯಲ್ಲಿ ಕೊಟ್ಟಿದ್ದೇನೆ. ಅಂಚೆಗೆ ಹಾಕಲಿಲ್ಲ, ಯಾಕೆ ಅಂತ ಕೊನೆಯ ಚೀಟಿಯಲ್ಲಿದೆ. ಅಂಗಿಗೆ ಗುಂಡಿ ಇಟ್ಟಿಲ್ಲ, ಕಟ್ಟುವ ದಾರವಿದೆ, ಚುಚ್ಚುವುದಿಲ್ಲ. ಮಗು ಮೂರು ತಿಂಗಳಾದ ಮೇಲೆ ಎತ್ತಿಕೊಂಡು ಬಾ. ನನ್ನನ್ನು ತಾನೇ ಆಚೆ ಇಟ್ಟಿರುವುದು? ನಿನಗೆ ಈ ಬಾಗಿಲು ಯಾರೂ ಹಾಕಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ನಾಲ್ಕು ಗಂಟೆ ನಿಲ್ಲಿಸಿದ್ದಕ್ಕೆ ನನ್ನ ಕಡೆಯಿಂದ ಕ್ಷಮೆ ಕೇಳು. ಕ್ಷಮೆ ಕೇಳಬೇಕಾದದ್ದು ಅವರೊಬ್ಬರಲ್ಲೇ.

ಇಂತಿ,
ಪೊಲೀಸ್ ಕಾಗದದ ಪ್ರಕಾರ ಅಪಾಯಕಾರಿಯಾದ ನಿನ್ನ
ಅಮ್ಮ

ತಾ.ಕ.: ಈ ಚೀಟಿ ಬೇರೆ ಹಾಳೆಯಲ್ಲಿದೆ, ಒಬ್ಬಳೇ ಓದು. ಹತ್ತು ವರ್ಷದ ಮುದ್ರೆ ಸಹಿ ಹಾಕದ್ದಕ್ಕೆ ಬಿದ್ದದ್ದಲ್ಲ. ಹಾಕದಿದ್ದರೆ ಬರೀ ವಾಪಸು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಿತ್ತು. ಆಮೇಲೆ ಸಾಹೇಬ ಇನ್ನೊಂದು ಪ್ರಶ್ನೆ ಕೇಳಿದ: ಮೊದಲು "ಇಲ್ಲ" ಅಂತ ತುಂಬಿದವರು ಯಾರು? ಸುಳ್ಳು ಉತ್ತರ ತುಂಬಿದವರು ಅಲ್ಲೇ ನೆಲೆಸಿದವರಾದರೆ ಅವರ ಕಾಯಂ ವಾಸದ ಅರ್ಜಿಯೂ ಬಿದ್ದುಹೋಗುತ್ತದಂತೆ. ನಿನ್ನದು ಇನ್ನೂ ಅವರ ಮೇಜಿನ ಮೇಲೇ ಇದೆಯಲ್ಲ. ನಾನೇ ತುಂಬಿದ್ದು ಅಂದೆ. ಇದನ್ನು ಕಂಪ್ಯೂಟರಿನಲ್ಲಿ ತುಂಬಿದೆ, ನಿಮಗೆ ಕಂಪ್ಯೂಟರ್ ಬರುತ್ತಾ ಅಂದ. ಬರುತ್ತೆ ಅಂದೆ. ಎಲ್ಲಿ ಕಲಿತಿರಿ ಅಂದ. ಬಾಯಿಗೆ ಬಂದದ್ದು ಹೇಳಿದೆ, ಜೈಲಿನಲ್ಲಿ ಅಂತ. ದುಭಾಷಿ ನನ್ನ ಮುಖ ಒಂದು ಸಲ ನೋಡಿ, ಅವರ ಭಾಷೆಯಲ್ಲಿ ಏನೋ ಬೇರೆಯೇ ಹೇಳಿದ, ಬಹಳ ಹೊತ್ತು ಹೇಳಿದ. ಸಾಹೇಬ ಬರೆದುಕೊಂಡು, ಸುಳ್ಳು ಉತ್ತರ ಕೊಟ್ಟಿದ್ದಕ್ಕೆ ಅಂತ ಆ ಮುದ್ರೆ ಒತ್ತಿದ. ನಿನಗೆ ಕಾಗದ ಬಂದು ಕೇಳಿದರೆ, ಅಮ್ಮನೇ ತುಂಬಿದ್ದು ಅನ್ನು, ತಡವರಿಸಬೇಡ. ಅಂಚೆಯಲ್ಲಿ ಯಾರಾದರೂ ಒಡೆದು ಓದಿಯಾರು ಅಂತಲೇ ಕೈಯಲ್ಲಿ ಕಳಿಸಿದ್ದು, ಓದಿದ ಮೇಲೆ ಈ ಚೀಟಿಯನ್ನು ಒಲೆಗೆ ಹಾಕು. ಮೇಲಿನ ಹಾಳೆಗಳು ಇರಲಿ, ಮಗು ದೊಡ್ಡದಾದ ಮೇಲೆ ಓದಲಿ.