ಮೊದಲು ನಮ್ಮ ಬಳ್ಳಿಗೆ

12 ಜನವರಿ 2013, ಶನಿವಾರ

ಬೆಳಗಿನ ರೊಟ್ಟಿ ಮುಗಿಸಿ ಕಂಪ್ಯೂಟರ್ ಮುಂದೆ ಕುಳಿತೆ. ಅಥಣಿಯ ಹವಾಮಾನ, ದ್ರಾಕ್ಷಿ ದರ, ಎಲೆ ರೋಗದ ಫೋಟೋ — ಎಲ್ಲ ನನ್ನ ವೆಬ್‌ಸೈಟಿಗೆ ಹಾಕಿದ್ದಾಯಿತು. ಮೊನ್ನೆಯಿಂದ ಒಂದು ಆನ್‌ಲೈನ್ ಕಂಪನಿಗೆ ಜಾಗ ಕೊಟ್ಟಿದ್ದೇನೆ. ಜಾಹೀರಾತು ಅವರೇ ಆರಿಸಿ ಹಾಕುತ್ತಾರೆ. ಓದುವವರು ಒತ್ತಿದರೆ ನನಗೆ ನಾಲ್ಕು ಕಾಸು. ಇವತ್ತು ಬೂದಿ ರೋಗದ ಫೋಟೋ ಪಕ್ಕ ಈಜುಕೊಳದ ಜಾಹೀರಾತು! ಬೋರಿನ ನೀರಿಗೆ ಕರೆಂಟು ಕಾಯುವ ಜನ ಈಜುಕೊಳ ಕಟ್ಟಿಸುತ್ತಾರಂತೆ.

ಮಾವನವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು. "ಯುಗಾದಿ ತನಕಾ ನೋಡ್ತೇನಿ. ನಿನ್ನ ಸೈಟ್ ತನ್ನ ಖರ್ಚು ತಾನ ದುಡೀಬೇಕ. ಇಲ್ಲಂದ್ರ ಈ ಖೋಲಿ ಒಣದ್ರಾಕ್ಷಿ ಬಾಕ್ಸ್ ಇಡಾಕ ಬೇಕ."

ನಾಲ್ಕು ವರ್ಷದ ಸೈಟು. ಈ ಮನೆಯಲ್ಲಿ ನನ್ನದು ಅಂತ ಇರುವುದು ಅದೊಂದೇ.

15 ಜನವರಿ

ಒತ್ತಿದರೆ ಕಾಸು ಅಂತ ಇವರಿಗೆ ಹೇಳಿದ್ದೇ ತಪ್ಪು. ಗಂಡ ಬಸ್ ಕಂಡಕ್ಟರ್. ಮಂಗಸೂಳಿ ತನಕ ಟಿಕೆಟಿನ ಜೊತೆ ಸುದ್ದಿಯನ್ನೂ ಹರಿದು ಕೊಟ್ಟಿದ್ದಾರೆ.

ಸಂಜೆ ಪಕ್ಕದ ಮನೆಯ ಕಾಶಿಬಾಯಿ ಮೊಬೈಲ್ ಹಿಡಿದು ಬಂದಳು. "ಉಜ್ವಲಾ, ನಮ್ಮ ಕಾಂಚನನ ಲಗ್ನದಾಗ ನೀವು ಇಳಕಲ್ ಸೀರಿ ಆಹೇರ ಮಾಡಿದ್ರಿ. ಅದಕ ನಾ ಮೂವತ್ತ ಸಲ ಒತ್ತೇನಿ. ಬರಕೋ."

ಬರೆದುಕೊಳ್ಳಬೇಕಂತೆ! ಅವಳ ಹಿಂದೆಯೇ ಇನ್ನೂ ಏಳು ಜನ. ನಾವು ಕೊಟ್ಟ ಉಡುಗೊರೆಗೆಲ್ಲ ಮುಯ್ಯಿ ತೀರಿಸಿ, ಚಹಾ ಕುಡಿದು ಹೋದರು. ಬೇಡ ಅನ್ನಲು ಬಾಯಿ ಬರಲಿಲ್ಲ. ಆಹೇರ ಒಲ್ಲೆ ಅಂದರೆ ಮಾತೇ ಬಿಡುತ್ತಾರೆ.

19 ಜನವರಿ, ಬೆಳಿಗ್ಗೆ 6

ಕಂಪನಿಯ ಮೇಲ್. ಒಂದೇ ಊರಿಂದ ಸುಳ್ಳು ಕ್ಲಿಕ್. ಅಕೌಂಟ್ ಬಂದ್. ಉತ್ತರ ಬರೆಯಲು ಕುಳಿತೆ — ಸರ್, ಅದು ಸುಳ್ಳಲ್ಲ, ಆಹೇರ... ಇಂಗ್ಲಿಷಿನಲ್ಲಿ ಇದನ್ನು ಹೇಗೆ ತಿಳಿಸಿ ಹೇಳಲಿ? ಅಳಿಸಿದೆ. ಬಚ್ಚಲಿಗೆ ಹೋಗಿ ಅತ್ತು ಬಂದೆ.

2 ಫೆಬ್ರವರಿ

ಭಾವುಸಾಹೇಬ ಅಂತ ಒಬ್ಬ. ದ್ರಾಕ್ಷಿ ಟಾನಿಕ್ ಮಾರುವವ. ಒಂದು ಸಲ ಹೊಡೆದರೆ ಕಾಯಿ ಗೋಲಿಗುಂಡಿನಷ್ಟು ಆಗುತ್ತದಂತೆ. ವರ್ಷಪೂರ್ತಿ ಜಾಹೀರಾತು, ರೊಕ್ಕ ಮೊದಲೇ. ನನ್ನ ಖೋಲಿ ಉಳಿಯಿತು! ಹೂಂ ಅನ್ನುವವಳಿದ್ದೆ. ಅತ್ತೆ ಭಾಂಡೆ ತಿಕ್ಕುತ್ತ ಅಲ್ಲಿಂದಲೇ ಅಂದರು.

"ಅಷ್ಟ ಛಲೋ ಔಷಧ ಇದ್ರ ಮೊದಲ ನಮ್ಮ ಬಳ್ಳಿಗೆ ಹೊಡದ ತೋರಸ್ರಿ. ಮಂದಿಗೆ ಆಮ್ಯಾಲ ಹೇಳೂಣು."

ಭಾವುಸಾಹೇಬ ನಕ್ಕ. ಅವನಿಗೆ ಬೇರೆ ದಾರಿ ಇರಲಿಲ್ಲ. ಮೂರು ಸಾಲಿಗೆ ಹೊಡೆಸಿದೆವು.

9 ಫೆಬ್ರವರಿ

ಮೂರೂ ಸಾಲಿನ ಎಲೆ ಸುಟ್ಟು ನಿಪ್ಪಾಣಿ ತಂಬಾಕಿನ ಬಣ್ಣ. ಮಾವನವರು ತೋಟದಿಂದಲೇ ಬೈಯುತ್ತ ಬಂದರು — ಭಾವುಸಾಹೇಬನನ್ನು, ಕಂಪ್ಯೂಟರನ್ನು, ನನ್ನನ್ನು. ಅವರ ಎದುರಿಗೇ ಭಾವುಸಾಹೇಬನಿಗೆ ಫೋನ್ ಹಚ್ಚಿದೆ. ಆತ ಡಬಲ್ ರೊಕ್ಕ ಕೊಡುತ್ತೇನೆ ಅಂದ.

"ಬ್ಯಾಡ್ರಿ. ಮಂದಿ ಬಳ್ಳಿ ಸುಡಾಕ ನಾ ಜಾಗಾ ಕೊಡೂದಿಲ್ಲ."

ಮಾವನವರ ಬೈಗುಳ ಅರ್ಧಕ್ಕೇ ನಿಂತಿತು. ಹೋಗಿ ಕಟ್ಟೆಯ ಮೇಲೆ ಕುಳಿತರು.

ಸೈಟಿನಲ್ಲಿ ಬರೆದು ಹಾಕಿದೆ: ನಮ್ಮ ಮನೆಯಲ್ಲಿ ಪರೀಕ್ಷೆ ಮಾಡದ ವಸ್ತುವಿನ ಜಾಹೀರಾತು ಇಲ್ಲಿ ಬರುವುದಿಲ್ಲ.

24 ಮಾರ್ಚ್

ಇಷ್ಟು ದಿನ ಒಬ್ಬನೂ ಸುಳಿಯಲಿಲ್ಲ. ನಿಯಮ ಬಲು ದೊಡ್ಡದಾಯಿತು, ಪೋಸ್ ಕೊಟ್ಟೆ, ಅನುಭವಿಸು. ಕೊನೆಗೆ ಬಂದವನು ಕಮ್ಮಾರ ದುರಗಪ್ಪ. ಬಳ್ಳಿ ಕತ್ತರಿಸುವ ಕತ್ತರಿ ತಂದಿದ್ದ. ಎರಡು ದಿನ ಅತ್ತೆ ಬೇಲಿಯ ಗಿಡಗಳನ್ನೆಲ್ಲ ಕತ್ತರಿಸಿದರು. ಅವರು ಹೇಳಿದ್ದನ್ನೇ ಹಾಕಿದೆ — "ಕೈಗೆ ಗುಳ್ಳಿ ಏಳಲಿಲ್ಲ." ಕೆಳಗೆ ಅವನ ನಂಬರ್. ಅಷ್ಟೇ.

28 ಮಾರ್ಚ್

ದುರಗಪ್ಪನ ಫೋನ್. "ಅಕ್ಕಾರ, ಆ ಜಾಹೀರಾತ ತಗೀರಿ! ಕತ್ರಿ ಮುಗದಾವು. ಜುಗೂಳ ಊರವ್ರು ಬಂದ ಅಂಗಡ್ಯಾಗ ಕುಂತ ಬಿಟ್ಟಾರ."

ಖುಷಿಗೆ ಶಿರಾ ಮಾಡಿದೆ. ಮಾವನವರು ಎರಡು ಸಲ ಹಾಕಿಸಿಕೊಂಡರು. ಆದರೆ ಒಂದು ಕತ್ತರಿಯಿಂದ ವರ್ಷದ ಖರ್ಚು ಹುಟ್ಟುವುದಿಲ್ಲ. ಅದು ಅವರಿಗೂ ಗೊತ್ತು.

10 ಏಪ್ರಿಲ್, ಸಂಜೆ 5

ನಾಳೆ ಯುಗಾದಿ. ಒಣದ್ರಾಕ್ಷಿ ಬಾಕ್ಸ್ ಬಂದು ಅಂಗಳದಲ್ಲಿ ಇಳಿದಿವೆ.

ಮಧ್ಯಾಹ್ನ ಚಿಕ್ಕೋಡಿಯಿಂದ ಎಣ್ಣೆ ವ್ಯಾಪಾರಿ ಮಾಳಸಿದ್ದ ಬಂದ. ಬೋಳು ತಲೆಗೆ ಕೂದಲು ಬರಿಸುವ ಎಣ್ಣೆ. ವರ್ಷದ ಜಾಹೀರಾತು ಕೊಡುತ್ತಾನೆ. ನಿಯಮ ಓದಿಯೇ ಬಂದಿದ್ದಾನೆ. "ಪರೀಕ್ಷಾ ಮಾಡ್ರಿ. ಮೂರ ತಿಂಗಳ ಹಿಡೀತೈತಿ."

ಮೂರು ತಿಂಗಳು! ನಾಳೆಗೆ ಖೋಲಿಯೇ ಇಲ್ಲ. ಅಲ್ಲದೆ ಗಂಡನ ತಲೆಯಲ್ಲಿ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲು. "ನಮ್ಮನ್ಯಾಗ ಬೋಳ ತಲಿ ಯಾರದೂ ಇಲ್ರಿ" ಅಂದು ಶೀಶೆ ತಿರುಗಿ ಕೊಟ್ಟೆ.

"ಯಾರ ಹೇಳಿದ್ರು ನಿನಗ?"

ಮಾವನವರು. ಮದುವೆಯಾಗಿ ಒಂಬತ್ತು ವರ್ಷ, ಅವರ ತಲೆ ನಾನು ನೋಡಿಲ್ಲ. ತಲೆಗೆ ಪಟಕಾ ಸುತ್ತದೆ ಅಂಗಳಕ್ಕೂ ಬರುವವರಲ್ಲ. ಮಾಳಸಿದ್ದನ ಎದುರಿಗೇ ಒಂದೊಂದೇ ಸುತ್ತು ಬಿಚ್ಚಿದರು. ನುಣ್ಣಗೆ, ಬೆಳ್ಳಗೆ, ಒಂದು ಎಳೆಯೂ ಇಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

"ದಿನಾ ಫೋಟೋ ತಗದ ಹಾಕಬೇಕಲ್ಲ? ಅಂದಮ್ಯಾಲ ಕಂಪ್ಯೂಟರ್ ಅಲ್ಲೇ ಇರಲಿ. ಆ ಬಾಕ್ಸ್ ಒಯ್ದು ದನದ ಕೊಟ್ಟಿಗ್ಯಾಗ ಇಡ್ರಿ."

ಕಾಲಿಗೆ ಬೀಳೋಣ ಅಂದರೆ ಕಣ್ಣೆಲ್ಲ ಆ ತಲೆಯ ಮೇಲೆ.

ಈಗ ನನ್ನ ಖೋಲಿಯಲ್ಲಿ, ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾರೆ. ಮೊದಲ ಫೋಟೋ ಆಯಿತು. "ಎಷ್ಟೊತ್ತ ಬರೀತೀಯವಾ, ಎಣ್ಣಿ ಹಚ್ಚ. ತಲಿ ತಣ್ಣಗಾಗಾಕತ್ತೈತಿ."

ಬಂದೆ. ಇವತ್ತು ಎರಡೇ ಹನಿ, ಅದೂ ಕಿವಿಯ ಹಿಂದೆ. ಆ ಮೂರು ಸಾಲಿನ ಹಾಗೆ ಏನಾದರೂ ಉರಿದರೆ—