ಕೈಮಾತಿನ ಗೆಳತಿ

ಅಕ್ಕಾ, ಫೋನಿನ್ಯಾಗ ಹೇಳಾಕ ಹೋದ್ರ ನೀ ನಡುವ ಅಳಾಕ ಶುರು ಮಾಡ್ತಿ, ಅದಕ್ಕ ಈ ಕಾರ್ಡ್ ಬರದೇನಿ.

ಇಚಲಕರಂಜಿಯ ಮಗ್ಗದ ಶೆಡ್ಡಿನ್ಯಾಗ ಸಪ್ಪಳಕ್ಕ ಒಬ್ಬರ ಮಾತು ಒಬ್ಬರಿಗಿ ಕೇಳೂದಿಲ್ಲ. ಎಲ್ಲಾರೂ ಕೈಸನ್ನಿಲೆ ಮಾತಾಡ್ತಾರ. ಮರಾಠಿ ಬರದ ನಾನೂ ಬಾಜೂ ಮಷೀನಿನ ವೃಷಾಲಿ ಜೋಡಿ ದಿನಾ ಹಂಗ ಮಾತಾಡತಿದ್ದೆ. ಹ್ವಾದ ವಾರ ಮೂರು ದಿನ ಜ್ವರ ಬಂದು ಮಲಗಿದ್ದೆ. ಆಕಿ "ಕಾನಡಿ ವಹಿನಿ ಕುಠೆ?", ಕನ್ನಡದ ವೈನಿ ಎಲ್ಲಿ ಅಂತ ಓಣಿ ತುಂಬ ಕೇಳಕೋತ ನಮ್ಮ ಮನಿ ಹುಡಕಿ ಬಂದ್ಳು. ಸಪ್ಪಳಿಲ್ಲದ ಮನ್ಯಾಗ ಎದುರಾಬದುರಾ ಕುಂತ್ರ ಇಬ್ಬರಿಗೂ ಬಾಯಿಲೆ ಮಾತ ಹೊಂಡವಲ್ದು. ಮತ್ತ ಕೈಯಿಲೇ ಶುರು ಮಾಡಿ, ಬಿದ್ದು ಬಿದ್ದು ನಕ್ಕಿವಿ. ಇಲ್ಲಿಗೆ ಬಂದ ಮ್ಯಾಲೆ ನಾ ಹಂಗ ನಕ್ಕಿದ್ದು ಅದ ಮೊದಲು. ತಂದ ಜುಣಕಾ-ಭಕ್ರಿ ಮುಂದಿಟ್ಟು, "ಜೇವ ಗ!" ಅಂತ ಬೈದು, ಉಣಿಸೇ ಹ್ವಾದ್ಳು.

ಈಗ ಜ್ವರ ಇಲ್ಲ, ಕೆಮ್ಮು ಸ್ವಲ್ಪ ಐತಿ. ನನ್ನ ವಾಪಸ್ ಕರಕೊಂಡು ಹೋಗಾಕ ತಮ್ಮನ್ನ ಕಳಸಬ್ಯಾಡ. ಆವತ್ತು ಫೋನಿನ್ಯಾಗ ಬ್ಯಾಸರಾಗಿ ಹಂಗ ಅಂದಿದ್ದೆ. ಕಳಸೂದ ಆದ್ರ ಕೈಯಾಗ ಶೇಂಗಾ ಹೋಳಿಗಿ ಕೊಟ್ಟು ಕಳಸು. ಎರಡು ಮನಿಗಿ ಸಾಲುವಷ್ಟು ಇರಲಿ. ಪಾಳಿಯ ಭೋಂಗಾ ಕೂಗ್ತು, ಓಡ್ತೇನಿ.

ನಿನ್ನ ಕಸ್ತೂರಿ